ಗ್ರೇಸ್ ಮತ್ತು ಫೇವರ್: ಒಂದು ಅನುವಾದ ವಿವಾದದ ಪಾಠ

ಇಂಗ್ಲಿಷ್ ದೈವಶಾಸ್ತ್ರ ಗ್ರಂಥಗಳನ್ನು ಓದುವಾಗ ಗ್ರೇಸ್ ಮತ್ತು ಫೇವರ್ ಎಂಬ ಪದಗಳನ್ನು ನಾವು ಸಮಾನಾರ್ಥಕಗಳೆಂದೇ ಭಾವಿಸುತ್ತೇವೆ. ಆದರೆ ಹದಿನಾರನೆಯ ಶತಮಾನದಲ್ಲಿ ಇವೆರಡರ ನಡುವಣ ಆಯ್ಕೆಯು ವಿಶ್ವಾಸದ ಪ್ರಶ್ನೆಯೇ ಆಗಿತ್ತು.

ಎರಡೂ ಪದಗಳು ಲತೀನಿನಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದವು. ಫೇವರ್ ಎಂದರೆ ಒಬ್ಬನ ಕಡೆಗೆ ತೋರುವ ಒಲವು. ಅದು ಒಲವು ತೋರಿದವನಲ್ಲಿ ಇರುವಂಥದ್ದು. ಪಕ್ಷಪಾತವನ್ನು ಸೂಚಿಸುವ ಫೇವರಿಟಿಸಂ ಹುಟ್ಟಿದ್ದು ಇದರಿಂದಲೇ. ಗ್ರೇಸ್‌ನ ಮೂಲವಾದ ಗ್ರಾತಿಯ ಇನ್ನೂ ವಿಶಾಲವಾದುದು. ಸಂತ ಥಾಮಸ್ ಅಕ್ವಿನಾಸರು ಅದರಲ್ಲಿ ಮೂರು ಅರ್ಥಗಳನ್ನು ಗುರುತಿಸಿದರು: ಒಲವು, ಉಚಿತವಾಗಿ ಕೊಟ್ಟ ವರ, ಕೃತಜ್ಞತೆ. ವುಲ್ಗಾತವು ಖಾರಿಸ್ ಎಂಬ ಗ್ರೀಕ್ ಪದಕ್ಕೆ ಇದನ್ನೇ ಬಳಸಿತು.

1521ರಲ್ಲಿ ಮಾರ್ಟಿನ್ ಲೂಥರ್ ಈ ಅರ್ಥಗಳನ್ನು ಬೇರ್ಪಡಿಸಿದರು. ಕೃಪೆಯೆಂದರೆ ನಮ್ಮ ಮೇಲಿನ ದೇವರ ಒಲವು. ನಮ್ಮೊಳಗೆ ಅದು ಮಾಡುವ ಕಾರ್ಯಕ್ಕೆ ವರ ಎಂಬ ಬೇರೆ ಹೆಸರುಂಟು ಎಂದರು. ಅದೇ ವರ್ಷ ಮೆಲಾಂಕ್ಟನ್ ಕೂಡ ಕೃಪೆಯು ಆತ್ಮದಲ್ಲಿರುವ ಗುಣವಲ್ಲ, ಅದು ದೇವರ ಒಲವೇ ಎಂದು ಬರೆದರು. 1526ರಲ್ಲಿ ವಿಲಿಯಂ ಟಿಂಡೇಲರ ಇಂಗ್ಲಿಷ್ ಹೊಸ ಒಡಂಬಡಿಕೆ ಅಚ್ಚಾಯಿತು. ಗ್ರೇಸ್ ಇರಬೇಕಾದೆಡೆ ಅವರು ಫೇವರ್ ಎಂದು ಬರೆದರೆಂದು 1529ರಲ್ಲಿ ಥಾಮಸ್ ಮೋರ್ ಆಕ್ಷೇಪಿಸಿದರು. ಪ್ರತಿಯೊಂದು ಫೇವರ್ ಗ್ರೇಸ್ ಆಗಲಾರದೆಂಬುದು ಅವರ ವಾದ. 1531ರಲ್ಲಿ ಟಿಂಡೇಲರು ಉತ್ತರ ಕೊಟ್ಟರು. ಮೋರ್ 1535ರಲ್ಲಿ, ಟಿಂಡೇಲ್ 1536ರಲ್ಲಿ ಮರಣದಂಡನೆಗೆ ಗುರಿಯಾದರು.

1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯು ನಮ್ಮನ್ನು ನೀತಿವಂತರನ್ನಾಗಿಸುವ ಕೃಪೆಯು ದೇವರ ಒಲವು ಮಾತ್ರವೆಂಬ ಬೋಧನೆಯನ್ನು ಖಂಡಿಸಿತು. ಇಲ್ಲಿ 'ಮಾತ್ರ' ಎಂಬ ಪದವನ್ನು ಗಮನಿಸಬೇಕು. ಮಹಾಸಭೆಯು ದೇವರ ಒಲವನ್ನು ನಿರಾಕರಿಸಲಿಲ್ಲ. ಒಲವನ್ನು ಅದರ ಫಲದಿಂದ ಕತ್ತರಿಸುವುದನ್ನು ನಿರಾಕರಿಸಿತು. ಆದರೂ ಅನುವಾದಗಳು ಎರಡು ದಾರಿ ಹಿಡಿದವು. ಗಬ್ರಿಯೇಲ ದೂತನ ವಂದನೆಯಲ್ಲಿ 1582ರ ರೀಮ್ಸ್ ಆವೃತ್ತಿಯು ಮರಿಯಮ್ಮನವರನ್ನು ಗ್ರೇಸ್‌ನಿಂದ ತುಂಬಿದವರೆಂದಿತು. 1611ರ ಕಿಂಗ್ ಜೇಮ್ಸ್ ಆವೃತ್ತಿಯು ಹೆಚ್ಚಿನ ಫೇವರ್ ಪಡೆದವರೆಂದಿತು.

ತರಗತಿಯಲ್ಲಿ ಬಹುಕಾಲ ನಾವು ಈ ವಿವಾದವನ್ನು ಸರಿ ಮತ್ತು ತಪ್ಪುಗಳ ಪಟ್ಟಿಯಾಗಿ ಬೋಧಿಸಿದೆವು. ಅದು ನ್ಯಾಯವಾಗಿರಲಿಲ್ಲ. ಕೃಪೆಯು ಮನುಷ್ಯನ ಸಂಪಾದನೆಯಲ್ಲವೆಂಬುದನ್ನು ಟಿಂಡೇಲರ ಪದ ಕಾಯುತ್ತಿತ್ತು. ಕೃಪೆಯು ಮನುಷ್ಯನನ್ನು ನಿಜವಾಗಿ ಬದಲಿಸುತ್ತದೆಂಬುದನ್ನು ಮೋರರ ಪದ ಕಾಯುತ್ತಿತ್ತು. ಇವೆರಡನ್ನೂ ಒಂದುಗೂಡಿಸುವ ಮಾತು ಅಕ್ವಿನಾಸರಲ್ಲಿ ಮೊದಲೇ ಇತ್ತು: ಮನುಷ್ಯನ ಒಲವು ಇನ್ನೊಬ್ಬರಲ್ಲಿ ಈಗಾಗಲೇ ಇರುವ ಒಳಿತನ್ನು ಕಂಡು ಮೂಡುತ್ತದೆ, ದೇವರ ಒಲವು ತಾನು ಒಲಿದವನಲ್ಲಿ ಒಳಿತನ್ನು ಸೃಷ್ಟಿಸುತ್ತದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಸಹಿ ಹಾಕಿದ ಜಂಟಿ ಘೋಷಣೆಯೂ ಪಾಪಕ್ಷಮೆ ಮತ್ತು ಹೊಸಬಾಳನ್ನು ಬೇರ್ಪಡಿಸಲಿಲ್ಲ.

ಕನ್ನಡದಲ್ಲಿಯೂ ನಮಗೆ ಕೃಪೆ, ವರಪ್ರಸಾದ ಎಂಬ ಎರಡು ಪದಗಳಿವೆ. ಮೊದಲನೆಯದು ದೇವರ ಹೃದಯವನ್ನು ತೋರಿಸುತ್ತದೆ, ಎರಡನೆಯದು ನಮ್ಮ ಕೈ ಸೇರಿದ ವರವನ್ನು. ಇಂದು ಫೇವರ್ ಎಂದೊಡನೆ ನಮ್ಮ ವಿಶ್ವಾಸಿಗಳಿಗೆ ನೆನಪಾಗುವುದು ಶಿಫಾರಸು, ಅಧಿಕಾರಿಯ ಉಪಕಾರ, ಮುಂದೆ ತೀರಿಸಬೇಕಾದ ಋಣ. ಪ್ರವಚನ ಪೀಠದಿಂದ ಬರಿಯ ಒಲವನ್ನು ಸಾರಿದರೆ ದೇವರು ಅಂಥ ಅಧಿಕಾರಿಯಂತೆ ಕಂಡಾರು. ಬರಿಯ ವರವನ್ನು ಸಾರಿದರೆ ಅದು ಕೂಡಿಡುವ ಸೊತ್ತಾದೀತು. ಆದ್ದರಿಂದ ಎರಡನ್ನೂ ಒಟ್ಟಿಗೆ ಸಾರುವುದು ನಮ್ಮ ಹೊಣೆ.