ಕಾಣದ ಹೊಗೆಗೆ ಕಾವಲು

ಬಚ್ಚಲು ಮನೆಯ ಹಂಡೆಗೆ ಉರಿ ಹಾಕಿ ಬೆಳೆದವರಿಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೌದೆ ಹಸಿಯಾಗಿದ್ದರೆ ಹೊಗೆ ಕಣ್ಣಿಗೆ ಅಡರುತ್ತಿತ್ತು, ಕೆಮ್ಮು ಬರುತ್ತಿತ್ತು. ಕೂಡಲೇ ಬಾಗಿಲು ತೆರೆಯುತ್ತಿದ್ದೆವು, ಊದುಗೊಳವೆ ಹಿಡಿಯುತ್ತಿದ್ದೆವು. ಬೆಂಕಿಗೆ ಗಾಳಿ ಬೇಕು, ಹೊಗೆಗೆ ದಾರಿ ಬೇಕು ಎಂಬುದನ್ನು ಆ ಹೊಗೆಯೇ ಕಲಿಸುತ್ತಿತ್ತು.

ಆದರೆ ಹೊಗೆ ಕಾಣದಿದ್ದರೆ? ಅದಕ್ಕೆ ವಾಸನೆಯೂ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬ್ರಿಟನ್ನಿಗೆ ಹೆಚ್ಚುಕಡಿಮೆ ಎರಡು ಶತಮಾನಗಳೇ ಬೇಕಾದವು. ಅಲ್ಲಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಅನಿಲದಿಂದ ಉರಿಯುವ ಬಾಯ್ಲರ್. ಅಡುಗೆಮನೆಯ ಗೋಡೆಯಲ್ಲೋ ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲೋ ಕುಳಿತು ಅದು ನೀರು ಕಾಯಿಸುತ್ತದೆ. ಆ ಬಿಸಿನೀರು ಕೊಳವೆಗಳ ಮೂಲಕ ಕೋಣೆಕೋಣೆಗೂ ಹರಿದು ಶಾಖ ನೀಡುತ್ತದೆ. ಈ ಪೆಟ್ಟಿಗೆಗೆ ವಯಸ್ಸಾಗಿ ಅದು ಕೆಟ್ಟು ನಿಂತರೆ, ಮನೆಯವರು ಅದರ ಮುಚ್ಚಳ ಬಿಚ್ಚಿ ಕೈಹಾಕುವಂತಿಲ್ಲ. ಸರ್ಕಾರಿ ಮಾನ್ಯತೆಯ ಪಟ್ಟಿಯಲ್ಲಿ ಹೆಸರಿರುವ ಎಂಜಿನಿಯರನ್ನೇ ಕರೆಸಬೇಕು. ಇದು ಬರಿಯ ಕಟ್ಟಳೆಯಲ್ಲ. ಇದರ ಹಿಂದೆ ನೋವಿನ ಚರಿತ್ರೆಯೊಂದಿದೆ.

ದೀಪದಿಂದ ಬಚ್ಚಲಿಗೆ

ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲದಿಂದ ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರ್ 1792ರಲ್ಲಿ ಇಂಗ್ಲೆಂಡಿನ ರೆಡ್ರೂತ್ ಊರಿನ ತನ್ನ ಮನೆಯಲ್ಲಿ ದೀಪ ಹಚ್ಚಿದ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿ ಅನಿಲದೀಪಗಳಿಂದ ಬೆಳಗಿತು. 1812ರಲ್ಲಿ ಆ ನಗರಕ್ಕೆ ಅನಿಲ ಒದಗಿಸುವ ಕಂಪನಿಗೆ ರಾಜಸನ್ನದು ದೊರೆಯಿತು. ಮುಂದೆ ಊರೂರಿಗೂ ಅನಿಲ ಕಾರ್ಖಾನೆ, ಬೀದಿಬೀದಿಗೂ ಕೊಳವೆ ಬಂದವು.

ಅನಿಲ ಬಚ್ಚಲನ್ನು ಹೊಕ್ಕ ಕಥೆಯಲ್ಲಿ ನಮಗೂ ಪಾಲಿದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ನಲ್ಲಿಯ ನೀರನ್ನು ಅನಿಲದ ಉರಿಯಿಂದ ಆ ಕ್ಷಣದಲ್ಲೇ ಕಾಯಿಸುವ ಯಂತ್ರವೊಂದನ್ನು ರೂಪಿಸಿದ. ಐಸ್‌ಲೆಂಡಿನಲ್ಲಿ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಯ ಹೆಸರನ್ನೇ ಅದಕ್ಕಿಟ್ಟ. ಅದೇ ಗೀಸರ್. ಇಂದು ಕನ್ನಡದ ಮನೆಮಾತಾಗಿರುವ ಆ ಪದದ ಮೂಲ ಇಲ್ಲಿದೆ. ಆದರೆ ಮಾನ್‌ನ ಯಂತ್ರಕ್ಕೆ ಸುಟ್ಟ ಅನಿಲವನ್ನು ಹೊರಗೆ ಒಯ್ಯುವ ಕೊಳವೆಯೇ ಇರಲಿಲ್ಲ. ಬಿಸಿನೀರಿನ ಸುಖದ ಜೊತೆಗೆ ಅದು ವಿಷಗಾಳಿಯನ್ನೂ ಬಚ್ಚಲಿಗೆ ತಂದಿತು.

ಆ ವಿಷದ ಹೆಸರು ಕಾರ್ಬನ್ ಮಾನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ದೇಹಕ್ಕೆ ಮಾತ್ರ ಆಮ್ಲಜನಕ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಈ ಅನಿಲವನ್ನು ತಾನೇ ಉಸಿರಾಡಿ ಅದರ ಪರಿಣಾಮಗಳನ್ನು ಬರೆದಿಟ್ಟ. (ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಈತನ ಮಗ.) ಕಲ್ಲಿದ್ದಲ ಗಣಿಯ ಸ್ಫೋಟಗಳಲ್ಲಿ ಸತ್ತವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಬೆಂಕಿಯಲ್ಲ, ಈ ಅನಿಲ ಎಂದು ಆತ ತೋರಿಸಿಕೊಟ್ಟ. ಗಣಿಗೆ ಇಳಿಯುವವರು ಸಣ್ಣ ಪ್ರಾಣಿಪಕ್ಷಿಗಳನ್ನು ಜೊತೆಗೊಯ್ಯಲಿ ಎಂಬ ಸಲಹೆಯೂ ಆತನದೇ. ಮನುಷ್ಯನಿಗಿಂತ ಮೊದಲೇ ಕ್ಯಾನರಿ ಹಕ್ಕಿ ಬಸವಳಿದು ಬೀಳುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳ ಸೇವೆಯನ್ನು ಕೈಬಿಡುವ ನಿರ್ಧಾರವಾದದ್ದು 1986ರಲ್ಲಿ. ಆದರೆ ಮನೆಯೊಳಗೆ ಯಾರ ಬಳಿಯೂ ಹಕ್ಕಿ ಇರಲಿಲ್ಲ.

ಒಂದು ಬೆಳಗಿನ ಕಡ್ಡಿ

1968ರ ಮೇ 16. ಲಂಡನ್ನಿನ ಪೂರ್ವಭಾಗದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ 22 ಅಂತಸ್ತಿನ ರೋನನ್ ಪಾಯಿಂಟ್ ಕಟ್ಟಡ. ಬೆಳಗಿನ ಜಾವ 18ನೆಯ ಅಂತಸ್ತಿನ ಮನೆಯೊಂದರಲ್ಲಿ ಚಹಾ ಮಾಡಲೆಂದು ಕಡ್ಡಿ ಗೀರಿದಾಗ, ರಾತ್ರಿಯಿಡೀ ಸೋರಿದ್ದ ಅನಿಲ ಸಿಡಿಯಿತು. ಗೋಡೆ ಹಾರಿಹೋಗಿ ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿದು ನಾಲ್ವರು ಸತ್ತರು. ಒಲೆಗೆ ಅನಿಲದ ಕೊಳವೆಯನ್ನು ಜೋಡಿಸಿದ್ದ ಹಿತ್ತಾಳೆಯ ನಟ್ಟೊಂದು ದೋಷದಿಂದ ಮುರಿದಿತ್ತು ಎಂದು ತನಿಖೆ ಹೇಳಿತು. ಕಟ್ಟಡದ ವಿನ್ಯಾಸದ ತಪ್ಪು ಬೇರೆಯೇ ಕಥೆ. ಅನಿಲದ ಮಟ್ಟಿಗೆ ಜನರನ್ನು ಕಾಡಿದ ಪ್ರಶ್ನೆ ಒಂದೇ: ಮನೆಯೊಳಗಿನ ಜೋಡಣೆಯ ಕೆಲಸವನ್ನು ಯಾರು ಬೇಕಾದರೂ ಮಾಡಬಹುದೆ? 1970ರಲ್ಲಿ ಅನಿಲ ಜೋಡಣೆಗಾರರ ಹೆಸರು ನೋಂದಾಯಿಸುವ ‘ಕಾರ್ಗಿ’ ಎಂಬ ಸಂಸ್ಥೆ ಹುಟ್ಟಿತು. ಆದರೆ ಅದರಲ್ಲಿ ಸೇರುವುದು ಬಿಡುವುದು ಅವರವರ ಇಷ್ಟವಾಗಿತ್ತು.

ಇದೇ ಕಾಲದಲ್ಲಿ ಇನ್ನೊಂದು ದೊಡ್ಡ ಬದಲಾವಣೆ ನಡೆದಿತ್ತು. 1965ರಲ್ಲಿ ಉತ್ತರ ಸಮುದ್ರದಡಿ ನೈಸರ್ಗಿಕ ಅನಿಲ ಸಿಕ್ಕಿತ್ತು. ಅದು ಹಳೆಯ ಕಲ್ಲಿದ್ದಲ ಅನಿಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಾಖ ಕೊಡುವಂಥದು, ಉರಿಯುವ ರೀತಿಯೂ ಬೇರೆ. ಆದ್ದರಿಂದ 1967ರಿಂದ 1977ರವರೆಗೆ ಕೆಲಸಗಾರರು ಬೀದಿ ಬೀದಿ ಸುತ್ತಿ, ಒಂದು ಕೋಟಿಗೂ ಹೆಚ್ಚು ಗ್ರಾಹಕರ ಒಲೆ, ಹೀಟರ್, ಬಾಯ್ಲರುಗಳ ಬರ್ನರುಗಳನ್ನು ಬದಲಿಸಿದರು.

ಹಳೆಯ ಅನಿಲದಲ್ಲೇ ಕಾರ್ಬನ್ ಮಾನಾಕ್ಸೈಡ್ ಬೆರೆತಿತ್ತು. ಕೊಳವೆ ಸೋರಿದರೂ ಸಾವು ಬರುತ್ತಿತ್ತು. ಹೊಸ ಅನಿಲದಲ್ಲಿ ಅದಿರಲಿಲ್ಲ. ಹಾಗಾದರೆ ಅಪಾಯ ತೊಲಗಿತೆ? ಇಲ್ಲ, ಅಪಾಯ ಜಾಗ ಬದಲಿಸಿತು, ಅಷ್ಟೆ. ಗಾಳಿ ಸಾಲದೆ ಅರೆಬರೆ ಉರಿದರೆ ಹೊಸ ಅನಿಲವೂ ಅದೇ ವಿಷವನ್ನು ಹುಟ್ಟಿಸುತ್ತದೆ. ಸೋರುವ ಅನಿಲ ಗೊತ್ತಾಗಲೆಂದು ಅದಕ್ಕೆ ದುರ್ವಾಸನೆ ಬೆರೆಸುತ್ತಾರೆ. ಅದು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಆ ವಾಸನೆ ಇರುವುದಿಲ್ಲ. ಮುಪ್ಪಾದ ಬಾಯ್ಲರಿನ ನಿಜವಾದ ಭಯ ಇದು.

ಕೆಟ್ಟದ್ದೋ, ಕಾದದ್ದೋ?

ವರ್ಷಗಳುರುಳಿದಂತೆ ಬರ್ನರಿನಲ್ಲಿ ಧೂಳು, ಮಸಿ ಕೂರುತ್ತದೆ. ಶಾಖವನ್ನು ನೀರಿಗೆ ದಾಟಿಸುವ ಭಾಗ ಕಟ್ಟಿಕೊಳ್ಳುತ್ತದೆ ಅಥವಾ ಬಿರುಕು ಬಿಡುತ್ತದೆ. ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ಚಳಿಗಾಳಿ ತಡೆಯಲೆಂದು ಮನೆಯವರೇ ಗೋಡೆಯ ಗಾಳಿಕಿಂಡಿ ಮುಚ್ಚಿರುತ್ತಾರೆ. ಆಗ ನೀಲಿಯಾಗಿ ನೆಟ್ಟಗೆ ಉರಿಯಬೇಕಾದ ಜ್ವಾಲೆ ಹಳದಿಯಾಗಿ ಓಲಾಡತೊಡಗುತ್ತದೆ. ಮನೆಯಲ್ಲಿದ್ದಾಗ ತಲೆನೋವು, ವಾಕರಿಕೆ. ಹೊರಗೆ ಹೋದರೆ ಹಾಯೆನಿಸುವುದು. ಇದನ್ನು ಜ್ವರ, ನೆಗಡಿ ಎಂದುಕೊಂಡವರೇ ಹೆಚ್ಚು.

ಬಲ್ಲ ಎಂಜಿನಿಯರ್ ಬಂದೊಡನೆ ಸ್ಪ್ಯಾನರ್ ಹಿಡಿಯುವುದಿಲ್ಲ, ಮೊದಲು ಕೇಳುತ್ತಾನೆ: ಯಾವಾಗಿನಿಂದ ಹೀಗೆ? ಯಾರಿಗಾದರೂ ತಲೆ ಸುತ್ತುತ್ತದೆಯೆ? ಹೊಗೆಕೊಳವೆಯನ್ನೂ ಗಾಳಿಕಿಂಡಿಯನ್ನೂ ನೋಡುತ್ತಾನೆ. ಅನಿಲದ ಒತ್ತಡ ಅಳೆಯುತ್ತಾನೆ. ಮೀಟರ್ ನೋಡಿ, ಬಾಯ್ಲರ್ ಎಷ್ಟು ಅನಿಲ ನುಂಗುತ್ತಿದೆ ಎಂದು ಲೆಕ್ಕ ಹಾಕುತ್ತಾನೆ. ಹೊಗೆಕೊಳವೆಗೆ ಉಪಕರಣದ ಕಡ್ಡಿ ತೂರಿಸಿ, ಸುಟ್ಟ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡಿಗೂ ಇಂಗಾಲದ ಡೈಆಕ್ಸೈಡಿಗೂ ಇರುವ ಪ್ರಮಾಣವನ್ನು ಓದುತ್ತಾನೆ. ಕ್ಯಾನರಿ ಹಕ್ಕಿಯ ಕೆಲಸವನ್ನು ಈಗ ಮಾಡುತ್ತಿರುವುದು ಈ ಉಪಕರಣವೇ.

ಒಂದು ಉದಾಹರಣೆ ನೋಡಿ. ಹಳೆಯ ಬಾಯ್ಲರಿನಲ್ಲಿ ಸದಾ ಉರಿಯುವ ಪುಟ್ಟ ಜ್ವಾಲೆಯೊಂದಿರುತ್ತದೆ. ಅದಕ್ಕೆ ಮೈಯೊಡ್ಡಿರುವ ಲೋಹದ ಕಡ್ಡಿಯೊಂದು ಆ ಶಾಖದಿಂದ ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸಿ ಅನಿಲದ ಬಾಗಿಲನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ವಿದ್ಯುತ್ ನಿಂತು ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕಡ್ಡಿ ಸವೆದಾಗಲೂ ಹೀಗೇ ಆಗುತ್ತದೆ. ಆಗ ಕಡ್ಡಿಯನ್ನು ಬದಲಿಸಿದರೆ ಸಾಕು. ಆದರೆ ಜ್ವಾಲೆ ಗಾಳಿ ಸಾಲದೆಯೂ ಆರಿರಬಹುದು, ಕಟ್ಟಿದ ಕೊಳವೆಯಿಂದ ಹೊಗೆ ಹಿಮ್ಮೆಟ್ಟಿಯೂ ಆರಿರಬಹುದು. ಅರೆಬರೆ ತಿಳಿದವನು ‘ಪದೇ ಪದೇ ನಿಲ್ಲುತ್ತದೆ’ ಎಂದು ಈ ಏರ್ಪಾಟನ್ನೇ ತಪ್ಪಿಸಿದರೆ, ಮನೆಯ ಕಾವಲುಗಾರನನ್ನೇ ಕಟ್ಟಿಹಾಕಿದಂತೆ. ನಿಂತ ಬಾಯ್ಲರ್ ಕೆಟ್ಟಿದೆ ಎಂದು ನಾವು ಬಯ್ಯುತ್ತೇವೆ. ಎಷ್ಟೋ ಸಲ ಅದು ನಮ್ಮನ್ನು ಕಾಯುತ್ತಿರುತ್ತದೆ. ಕೆಟ್ಟದ್ದಾವುದು, ಕಾದದ್ದಾವುದು ಎಂದು ಬೇರ್ಪಡಿಸಿ ಹೇಳುವುದೇ ಪರಿಣತಿ.

ಈ ಪರಿಣತಿಗೆ ಕಾನೂನಿನ ಬಲ ಬಂದದ್ದು ತಡವಾಗಿ. ಅನಿಲದ ಕೆಲಸ ಮಾಡುವವರು ನೋಂದಾಯಿಸಿಕೊಳ್ಳುವುದು 1991ರಲ್ಲಿ ಕಡ್ಡಾಯವಾಯಿತು. ಬಾಡಿಗೆಗೆ ಕೊಟ್ಟ ಮನೆಯ ಅನಿಲ ಸಾಧನಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವ ಹೊಣೆಯನ್ನು 1994ರಲ್ಲಿ ಮನೆಯ ಮಾಲೀಕರ ಮೇಲೆ ಹೊರಿಸಲಾಯಿತು. 2009ರಲ್ಲಿ ಕಾರ್ಗಿಯ ಜಾಗಕ್ಕೆ ‘ಗ್ಯಾಸ್ ಸೇಫ್ ರಿಜಿಸ್ಟರ್’ ಬಂತು. ಬಂದ ಎಂಜಿನಿಯರಿನ ಗುರುತಿನ ಚೀಟಿಯಲ್ಲಿ ಭಾವಚಿತ್ರ, ಸಂಖ್ಯೆ, ಅವಧಿ ಇರುತ್ತವೆ. ಹಿಂಬದಿಯಲ್ಲಿ ಆತ ಯಾವ ಯಾವ ಕೆಲಸಕ್ಕೆ ಅರ್ಹ ಎಂಬ ಪಟ್ಟಿ ಇರುತ್ತದೆ. ಒಲೆ ಬಲ್ಲವನೆಲ್ಲ ಬಾಯ್ಲರ್ ಬಲ್ಲವನಲ್ಲ. ಚೀಟಿ ತೋರಿಸಿ ಎಂದು ಕೇಳುವುದು ಅಲ್ಲಿ ಅವಮಾನವಲ್ಲ, ವಾಡಿಕೆ.

ನಮ್ಮ ಬಚ್ಚಲಿಗೆ ಬಂದರೆ

ಮಾನ್‌ನ ಗೀಸರ್ ಇಂದು ಸಿಲಿಂಡರಿನ ಅನಿಲದಿಂದ ಉರಿಯುತ್ತ ಕರ್ನಾಟಕದ ಎಷ್ಟೋ ಮನೆಗಳನ್ನು ಸೇರಿದೆ. ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಬಂದ ಕೊಳವೆಮಾರ್ಗ ನೈಸರ್ಗಿಕ ಅನಿಲವನ್ನೂ ತಂದಿದೆ. ಕಿಟಕಿ ಮುಚ್ಚಿದ ಇಕ್ಕಟ್ಟಾದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿರುವಾಗ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಒಂದೂವರೆ ಶತಮಾನದ ಹಿಂದಿನ ತಪ್ಪು, ಹೊಗೆಗೆ ದಾರಿ ಇಲ್ಲದ್ದು, ಇಲ್ಲಿ ಹಾಗೆಯೇ ಉಳಿದಿದೆ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಿಸುವುದು, ಹೊಗೆಕೊಳವೆ ಹಾಕಿಸುವುದು, ಕಿಟಕಿ ಮುಚ್ಚದಿರುವುದು, ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸುವುದು: ಇವು ದೊಡ್ಡ ಖರ್ಚಿನ ಮಾತುಗಳಲ್ಲ. ಹಂಡೆಯ ಒಲೆ ನಮಗೆ ಕಣ್ಣೀರು ತರಿಸಿ ಎಚ್ಚರಿಸುತ್ತಿತ್ತು. ಈಗಿನ ಉರಿ ಎಚ್ಚರಿಸುವುದಿಲ್ಲ. ಅದರ ಪರವಾಗಿ ಎಚ್ಚರಿಸಬಲ್ಲವರನ್ನು ನಾವೇ ಕರೆಯಬೇಕು.