ಮೋರ್ಯರ ಗುಡ್ಡದ ಕಲ್ಲುಮನೆಗಳು

ಊರಿಗೆ ಹೋದಾಗ ಹಂಪೆಯನ್ನು ನೋಡಿಬರುವ ನಮ್ಮವರು ಬಹಳ. ತುಂಗಭದ್ರೆಯ ಆಚೆ, ಗಂಗಾವತಿಗೆ ಪಶ್ಚಿಮದಲ್ಲಿರುವ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದವರು ಮಾತ್ರ ವಿರಳ. ವಿಜಯನಗರ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ, ಕಬ್ಬಿಣದ ಬಳಕೆಯನ್ನು ಅರಿತಿದ್ದ ಜನ ಅಲ್ಲಿ ತಮ್ಮ ಸತ್ತವರಿಗಾಗಿ ಒಂದು ಊರನ್ನೇ ಕಟ್ಟಿಟ್ಟಿದ್ದಾರೆ. ಸಮಾಧಿ, ಸ್ಮಾರಕ ಎಲ್ಲ ಸೇರಿ ಸುಮಾರು 400.

ಸುತ್ತ ನಿಲ್ಲಿಸಿದ ಕಲ್ಲುಚಪ್ಪಡಿಗಳು, ಮೇಲೊಂದು ಮುಚ್ಚಿಗೆ, ಹಲವಕ್ಕೆ ಮುಂದೊಂದು ದುಂಡನೆಯ ಕಿಂಡಿ. ದೊಡ್ಡವು ಆಳೆತ್ತರವನ್ನೂ ಮೀರುತ್ತವೆ. ಇಷ್ಟು ಸಣ್ಣ ಬಾಗಿಲಲ್ಲಿ ನುಗ್ಗಬೇಕಾದರೆ ಕುಳ್ಳರೇ ಆಗಿರಬೇಕಲ್ಲವೆ? ಹಾಗಾಗಿ ಇವು ಮೋರ್ಯರೆಂಬ ಕುಳ್ಳರ ಮನೆಗಳೆಂದು ಜನ ಹೇಳುತ್ತ ಬಂದರು. ಕಥೆ ತಪ್ಪಾದರೂ ‘ಮನೆ’ ಎಂಬ ಮಾತು ತಪ್ಪಲ್ಲವೆಂದೇ ನನ್ನ ಎಣಿಕೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥದೇ ಕಿಂಡಿಯ ಗೋರಿಗಳನ್ನು ಅಗೆಸಿದಾಗ, ಕೆಲವುಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಎಲುಬುಗಳು ದೊರೆತವು. ದೇಹವನ್ನು ಮೊದಲು ಬೇರೆಡೆ ಇರಿಸಿ, ಉಳಿದ ಅಸ್ಥಿಯನ್ನು ಆಯ್ದು ತಂದು ಒಳಗಿಡುತ್ತಿದ್ದರೆಂದು ಅವರು ಊಹಿಸಿದರು. ತೀರಿಹೋದ ಹಿರಿಯರ ಅಸ್ಥಿಯನ್ನು ಮುಂಬಯಿಯಿಂದಲೋ ಪುಣೆಯಿಂದಲೋ ಊರಿನ ಹೊಳೆಗೆ ಒಯ್ಯುವ ನಮಗೆ ಇದು ತೀರ ಅಪರಿಚಿತವಾದ ಆಚಾರವೇನಲ್ಲ.

ಕಲ್ಲನ್ನು ಹೊರಗಿನಿಂದ ತಂದದ್ದಲ್ಲ. ಗುಡ್ಡದ ಬಂಡೆಯನ್ನೇ ಪದರಪದರವಾಗಿ ಎಬ್ಬಿಸಿದ್ದಾರೆ. ಹಾಗೆ ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಂತು ಕೊಳವಾಗಿದೆ. ಬಂಡೆಯ ಮೇಲೊಂದು ನಗಾರಿಯಾಕಾರದ ಗುಂಡು ಇದೆ. ಬಡಿದರೆ ಕಲ್ಲಿನಿಂದ ನಗಾರಿಯ ಸದ್ದೇ ಹೊರಡುತ್ತದೆ.

ಹೈದರಾಬಾದಿನ ನಮ್ಮ ಬಂಧುಗಳಿಗೆ ಒಂದು ಮಾತು: 1956ರವರೆಗೆ ಈ ಊರು ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ಮಧ್ಯದಲ್ಲೇ ಆ ಸೀಮೆಯ ಕಲ್ಲುಗೋರಿಗಳನ್ನು ಕುರಿತು ಬರೆದರು. ಕನ್ನಡಿಗರಲ್ಲಿ ಡಾ. ಅ. ಸುಂದರ ಅವರು ಊರೂರು ಅಲೆದು ಇಂಥ ಗೋರಿಗಳನ್ನು ಅಭ್ಯಸಿಸಿ 1975ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು.

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಿದೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಹೆಸರು ಸೇರಿತು. ಆದರೂ ನಿಧಿಯಾಸೆಯವರಿಗೆ ಪಟ್ಟಿ ಯಾವ ಲೆಕ್ಕ? ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಒಂದಿಷ್ಟು ಮಣಿ, ಎಲುಬು. ಅದಕ್ಕಾಗಿ ಒಂದು ಚಪ್ಪಡಿಯನ್ನು ಉರುಳಿಸಿದರೆ ಎರಡು ಸಾವಿರ ವರ್ಷ ನಿಂತದ್ದು ಒಂದೇ ರಾತ್ರಿಯಲ್ಲಿ ಹೋಯಿತು.

ಮುಂದಿನ ರಜೆಯಲ್ಲಿ ಹಂಪೆಗೆ ಹೋಗುವವರು ಒಂದು ದಿನವನ್ನು ಇದಕ್ಕೂ ಮೀಸಲಿಡಬಹುದು. ಗುಡ್ಡವನ್ನು ಕಾಲ್ನಡೆಯಲ್ಲೇ ಏರಬೇಕು; ಬಿಸಿಲಿಗೆ ಮುಂಚೆ ಹೊರಡಿ, ಕುಡಿಯುವ ನೀರು ಜೊತೆಯಲ್ಲಿರಲಿ, ಊರಿನವರೊಬ್ಬರನ್ನು ದಾರಿಗೆ ಕರೆದುಕೊಳ್ಳಿ.