ಹೊಳೆ ದಂಡೆಯ ಕಲ್ಲು, ಕೈಯಾಗಿನ ಫೋನು

ಕಾಗವಾಡ ತಾಲ್ಲೂಕಿನ ಜುಗೂಳದಿಂದ ಕೃಷ್ಣಾ ಹೊಳೆ ದಾಟಿದರೆ ಖಿದ್ರಾಪುರ. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಕೊಲ್ಹಾಪುರ. ಆದರೆ ಅಲ್ಲಿಯ ಕೋಪೇಶ್ವರ ಗುಡಿಯ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದವು. ದಕ್ಷಿಣದ ಬಾಗಿಲ ಬಳಿ ಇರುವ ಯಾದವ ಅರಸ ಸಿಂಘಣನ 13ನೇ ಶತಮಾನದ ಶಾಸನ ಮಾತ್ರ ಸಂಸ್ಕೃತದ್ದು. ಗುಡಿಯಲ್ಲಿ ನಂದಿ ಇಲ್ಲ. ಆ ನಂದಿ ನಮ್ಮ ಯಡೂರಿನಲ್ಲಿದೆ ಎಂದು ಜನ ಹೇಳುತ್ತಾರೆ.

ಬಂದವರೆಲ್ಲ ಸ್ವರ್ಗಮಂಟಪದ ದುಂಡನೆಯ ತೆರೆದ ಚಾವಣಿಯ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಆಮೇಲೆ ಕನ್ನಡ ಶಾಸನದ ಮುಂದೆ ನಿಂತು ನಾಚಿಕೆಪಟ್ಟೆವು. ದಿನಾ ಕನ್ನಡ ಬರೆದು ಹೊಟ್ಟೆ ಹೊರೆಯುವ ನಮಗೆ ಒಂದು ಸಾಲೂ ಓದಲು ಬರಲಿಲ್ಲ. ಫೋನಿನ ಆ್ಯಪ್ ಹಿಡಿದರೆ ಅದಕ್ಕೂ ಬರಲಿಲ್ಲ. ಪಾಪ, ಅದು ಕಲಿತದ್ದು ಈಗಿನ ಅಚ್ಚಿನ ಅಕ್ಷರ.

ಹಾಗಾದರೆ ಮೊದಲು ಓದಿದವರು ಹೇಗೆ ಓದಿದರು? ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಿದ್ದರು. ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತಿತ್ತು. ಈಗಲೂ ಹಾಗೇ ಮಾಡುತ್ತಾರೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ನಮ್ಮ ಜಿಲ್ಲೆಯ ಎಷ್ಟೋ ಶಾಸನಗಳನ್ನು ಓದಿ ಪ್ರಕಟಿಸಿದ. ರಟ್ಟರ ನಾಲ್ಕನೇ ಕಾರ್ತವೀರ್ಯನ 1208ರ ಭೋಜ ತಾಮ್ರಪಟವೂ ಅವುಗಳಲ್ಲೊಂದು. ನಿಪ್ಪಾಣಿ ಕಡೆಯ ಭೋಜದ ಹೆಸರು ಹೀಗೆ ಇಂಗ್ಲಿಷ್ ಪತ್ರಿಕೆಯೊಂದರ ಪುಟ ಸೇರಿತು, ಊರವರ ಕೈಗೆ ಮಾತ್ರ ಬರಲಿಲ್ಲ. ಮುಂದೆ ಮುಂಬೈ ಕರ್ನಾಟಕದ ಶಾಸನಗಳ ದಪ್ಪ ಸಂಪುಟಗಳು ಬಂದವು. ಅವೂ ದೊಡ್ಡ ಊರಿನ ಗ್ರಂಥಾಲಯದ ಕಪಾಟಿನಲ್ಲೇ ಉಳಿದವು.

ಈ ದೂರವನ್ನು ಕಡಿಮೆ ಮಾಡುವ ಕೆಲಸ ಬೆಂಗಳೂರಿನಲ್ಲಿ ನಡೆದಿದೆ. ಅಲ್ಲಿಯ ಮಿಥಿಕ್ ಸೊಸೈಟಿ 2021ರಿಂದ ಊರೂರು ತಿರುಗಿ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನರ್ ಕಲ್ಲಿನ ಉಬ್ಬುತಗ್ಗನ್ನು ಕೂದಲೆಳೆಯಷ್ಟು ಸಣ್ಣದಾಗಿ ಅಳೆಯುತ್ತದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರವೂ ಪರದೆಯ ಮೇಲೆ ಎದ್ದು ಬರುತ್ತದೆ. ಕಲ್ಲನ್ನು ಫೋನಿನಲ್ಲೇ ತಿರುಗಿಸಿ ನೋಡಬಹುದು.

ನಮ್ಮ ಐದು ತಾಲ್ಲೂಕಿಗೆ ಇದು ಬೇಗ ಬರಬೇಕು. 2019ರ ಮಹಾಪೂರ ನೆನಪಿದೆಯಲ್ಲ? ದಂಡೆಯ ಊರುಗಳೇ ಮುಳುಗಿದ್ದವು, ಕಲ್ಲನ್ನು ಕೇಳುವವರು ಯಾರು? ಹೊಳೆಯೊಂದೇ ಅಲ್ಲ, ನಮ್ಮ ಭಕ್ತಿಯೂ ಕಲ್ಲಿಗೆ ಕಂಟಕ. ಗುಡಿ ಜೀರ್ಣೋದ್ಧಾರ ಎಂದು ಶಾಸನದ ಮೇಲೆ ಆಯಿಲ್ ಪೇಂಟ್ ಬಳಿಯುತ್ತೇವೆ, ಅಕ್ಷರಕ್ಕೆ ಸಿಮೆಂಟ್ ಮೆತ್ತುತ್ತೇವೆ. ಸ್ಕ್ಯಾನರ್ ಬಂದರೂ ಪೇಂಟಿನ ಕೆಳಗಿನದನ್ನು ಹೇಗೆ ನೋಡೀತು?

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಉಪಾಯವಿದೆ. ಕತ್ತಲಾದ ಮೇಲೆ ಟಾರ್ಚನ್ನು ಎದುರಿಗೆ ಹಿಡಿಯದೆ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಸುಣ್ಣ, ಸೀಮೆಸುಣ್ಣ ಏನೂ ಹಚ್ಚಬೇಡಿ.

ಅಥಣಿ ಕಡೆಯ ಒಂದೂರಲ್ಲಿ ನಾವು ಹೀಗೆ ಮಾಡಿದೆವು. ಜನ ಕೂತು ಎಲೆಅಡಿಕೆ ಹಾಕಿಕೊಳ್ಳುವ ಕಲ್ಲು ಅದು. ಓರೆ ಬೆಳಕು ಬಿದ್ದಾಗ ಮೇಲಿನ ಸಾಲಿನಲ್ಲಿ ಒಂದು ಅಕ್ಷರ ಎದ್ದು ಕಂಡಿತು. ಬಗ್ಗಿ ನೋಡಿದ ಅಜ್ಜ ಒಬ್ಬರು "ಇದು ಶ್ರೀ ಅಲ್ಲೇನ್ರೀ?" ಅಂದರು. ಹೌದು, ಶ್ರೀ.